ವಾಟ್ಸನ್‌ವಿಲ್ ಡಿಕ್ಕಿ: ಇಬ್ಬರೂ ರೇಡಿಯೋದಲ್ಲಿ ಮಾತಾಡುತ್ತಿದ್ದರೂ ಎರಡು ಸೆಸ್ನಾಗಳು ಗುದ್ದಿಕೊಂಡಿದ್ದು ಹೇಗೆ?

ಹಕ್ಕಿನೋಟ ಕೇಳಿದ್ದು:

2022ರ ಆಗಸ್ಟ್ 18ರ ಮಧ್ಯಾಹ್ನ ಮೂರರ ಹೊತ್ತಿಗೆ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ವಿಮಾನ ನಿಲ್ದಾಣದಲ್ಲಿ ಇಳಿಯೋಕೆ ಬರ್ತಿದ್ದ ಎರಡು ವಿಮಾನಗಳು ರನ್‌ವೇಗೆ ಒಂದು ಮೈಲಿಯೊಳಗೆ ಡಿಕ್ಕಿ ಹೊಡೆದು ಮೂವರು ತೀರಿಕೊಂಡರು. ಒಂದು ಸೆಸ್ನಾ 152, ಅದರಲ್ಲಿ ಪೈಲಟ್ ಒಬ್ಬರೇ ಇದ್ದರು. ಇನ್ನೊಂದು ಎರಡು ಎಂಜಿನ್ನಿನ ಸೆಸ್ನಾ 340ಎ, ಅದರಲ್ಲಿ ಇಬ್ಬರು. ಅಲ್ಲಿ ಕಂಟ್ರೋಲ್ ಟವರ್ ಇಲ್ಲ. ಆದರೆ ಇಬ್ಬರು ಪೈಲಟ್‌ಗಳೂ ಒಂದೇ ಫ್ರೀಕ್ವೆನ್ಸಿಯಲ್ಲಿದ್ದರು, ತಾವೆಲ್ಲಿದ್ದೇವೆ ಅಂತ ಹೇಳ್ತಾನೇ ಇದ್ದರು, ಹವಾಮಾನವೂ ಚೆನ್ನಾಗಿತ್ತು.

ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಕೊಟ್ಟ ಕಾರಣ ಒಂದೇ ವಾಕ್ಯದ್ದು: ನೇರವಾಗಿ ಇಳಿಯಲು ಬರುತ್ತಿದ್ದ 340ರ ಪೈಲಟ್, ಮುಂದಿದ್ದ ಸಣ್ಣ ವಿಮಾನವನ್ನು ನೋಡಿ ತಪ್ಪಿಸಿಕೊಳ್ಳಲಿಲ್ಲ. ಓದಿದಷ್ಟಕ್ಕೆ ನನಗೆ ಸಮಾಧಾನ ಆಗಲಿಲ್ಲ. ಎದುರಿಗೆ ವಿಮಾನ ಇದೆ ಅಂತ ಕಿವಿಯಲ್ಲಿ ಕೇಳಿದ ಮೇಲೂ ಅದು ಕಣ್ಣಿಗೆ ಬೀಳಲ್ಲ ಅಂದರೆ ಏನರ್ಥ? ಫೈನಲ್‌ನಲ್ಲಿ (ರನ್‌ವೇಗೆ ನೇರ ಇಳಿದು ಬರೋ ಕೊನೆಯ ದಾರಿಯಲ್ಲಿ) ಇರೋರಿಗೆ ಮೊದಲ ಹಕ್ಕು ಅಂತಾರಲ್ಲ, ಇಲ್ಲಿ ಆ ಹಕ್ಕು ಯಾರದ್ದಾಗಿತ್ತು?

ಕೇಳೋಕೆ ಇನ್ನೊಂದು ಕಾರಣವೂ ಇದೆ. 2025ರ ಜುಲೈ 8ರಂದು ಕೆನಡಾದ ಮ್ಯಾನಿಟೋಬಾದಲ್ಲಿ ಸ್ಟೈನ್‌ಬ್ಯಾಕ್ ಬಳಿ ಒಂದೇ ತರಬೇತಿ ಶಾಲೆಯ ಎರಡು ವಿಮಾನಗಳು ಡಿಕ್ಕಿಯಾಗಿ ಇಬ್ಬರು ವಿದ್ಯಾರ್ಥಿಗಳು ಸತ್ತರು, ಅವರಲ್ಲಿ ಒಬ್ಬರು ಭಾರತೀಯರು. ನಮ್ಮ ಕಡೆಯಿಂದ ಎಷ್ಟೋ ಹುಡುಗ ಹುಡುಗಿಯರು ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಅಂತ ಅಮೆರಿಕ, ಕೆನಡಾದ ಇಂಥದ್ದೇ ಟವರ್ ಇಲ್ಲದ ಸಣ್ಣ ನಿಲ್ದಾಣಗಳಿಗೆ ಹೋಗ್ತಾರೆ. ಅವರು ಏನು ಗಮನದಲ್ಲಿ ಇಟ್ಟುಕೊಳ್ಳಬೇಕು? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

---

ಡೌನ್‌ವಿಂಡ್ ಉತ್ತರ:

ವೇಗ ಅನ್ನೋ ಒಂದು ಅಂಕಿ ಕೈಗೆ ಸಿಕ್ಕರೆ ಈ ಅಪಘಾತ ಅರ್ಧ ಅರ್ಥವಾದ ಹಾಗೆ. ಎಡಿಎಸ್-ಬಿ (ವಿಮಾನ ತನ್ನ ಜಾಗ, ವೇಗವನ್ನ ತಾನೇ ಬಿತ್ತರಿಸೋ ವ್ಯವಸ್ಥೆ) ದಾಖಲೆ ಪ್ರಕಾರ 340ರ ನೆಲವೇಗ ಕೊನೆಯವರೆಗೂ ಸುಮಾರು 180 ನಾಟ್ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ). ಇಳಿಯೋ ಹೊತ್ತಿನಲ್ಲಿ 152ರದ್ದು 60ರಿಂದ 70 ನಾಟ್ ಇರುತ್ತೆ. ಅಂದರೆ ಹಿಂದಿನವನು ಮುಂದಿನವನಿಗಿಂತ ಎರಡೂವರೆಯಿಂದ ಮೂರು ಪಟ್ಟು ಜೋರು.

ಈಗ ರೇಡಿಯೋ ಮಾತುಗಳನ್ನು ಸಾಲಾಗಿ ಇಟ್ಟು ನೋಡಿ. 340ರ ಪೈಲಟ್ ಹತ್ತು ಮೈಲಿ ದೂರದಲ್ಲಿ, ಪೂರ್ವದಿಂದ ಬರ್ತಿದ್ದೇನೆ, ರನ್‌ವೇ 20ಕ್ಕೆ ನೇರವಾಗಿ ಇಳಿಯುತ್ತೇನೆ ಅಂದರು. 152 ಅದೇ ರನ್‌ವೇಯ ಎಡ ಸರ್ಕ್ಯೂಟ್‌ನಲ್ಲಿ (ಇಳಿಯೋ ಮೊದಲು ಎಡಕ್ಕೆ ತಿರುಗುತ್ತಾ ಸುತ್ತೋ ಆಯತದಂಥ ದಾರಿ) ಸುತ್ತುತ್ತಾ ತನ್ನ ಜಾಗ ಹೇಳುತ್ತಿತ್ತು. ಆಮೇಲೆ 340 ಮೂರು ಮೈಲಿ ಅಂತ ಹೇಳಿತು. 152 ಎಡ ಬೇಸ್‌ಗೆ (ಸರ್ಕ್ಯೂಟ್‌ನಲ್ಲಿ ಫೈನಲ್‌ಗೆ ಮುಂಚಿನ ಅಡ್ಡ ಭಾಗ) ತಿರುಗುತ್ತಿದ್ದೇನೆ ಅಂದಿತು. 340 ಒಂದು ಮೈಲಿ ಫೈನಲ್, ಬೇಸ್‌ನಲ್ಲಿರೋ ವಿಮಾನವನ್ನ ಹುಡುಕುತ್ತಿದ್ದೇನೆ ಅಂದಿತು. 152ರ ಪೈಲಟ್, ನೀವು ನನ್ನ ಹಿಂದೆ ಇದ್ದೀರಿ, ಕಾಣಿಸ್ತಿದೀರಿ ಅಂದರು. ಸ್ವಲ್ಪ ಹೊತ್ತಿಗೇ, ನೀವು ತುಂಬಾ ಬೇಗ ಬರ್ತಿದೀರಿ, ನಾನು ಗೋ ಅರೌಂಡ್ ಮಾಡ್ತೀನಿ (ಇಳಿಯೋದು ಬಿಟ್ಟು ಮತ್ತೆ ಏರಿ ಸುತ್ತಿ ಬರ್ತೀನಿ) ಅಂದರು. ಆಮೇಲೆ ಮಾತೇ ಇಲ್ಲ.

ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಸುಮ್ಮನೆ ಕೂತಿರಲಿಲ್ಲ. ಆದರೆ "ಮೂರು ಮೈಲಿ" ಅನ್ನೋ ಮಾತು ಕೇಳಿದವರ ತಲೆಯಲ್ಲಿ ಏನು ಲೆಕ್ಕ ಹುಟ್ಟಿಸುತ್ತೆ ಅನ್ನೋದು ಮುಖ್ಯ. 152 ಹಾರಿಸೋರಿಗೆ ಮೂರು ಮೈಲಿ ಅಂದರೆ ಎರಡೂವರೆ ನಿಮಿಷಕ್ಕೂ ಹೆಚ್ಚು. ಬೇಸ್ ತಿರುಗಿ, ಫೈನಲ್‌ಗೆ ಬಂದು, ಚಕ್ರ ನೆಲಕ್ಕೆ ತಾಗಿಸೋಕೆ ಒಂದೂವರೆ ನಿಮಿಷ ಸಾಕು, ಹಾಗಾಗಿ ಸಮಯ ಧಾರಾಳವಾಗಿದೆ ಅನ್ನಿಸುತ್ತೆ. 180 ನಾಟ್‌ನಲ್ಲಿ ಬರೋನಿಗೆ ಮಾತ್ರ ಅದು ಸರಿಯಾಗಿ 60 ಸೆಕೆಂಡ್. ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್, ಅವನು 20 ಸೆಕೆಂಡಿನಲ್ಲಿ ದಾಟ್ತಾನೆ. "ಒಂದು ಮೈಲಿ ಫೈನಲ್" ಅಂತ ಹೇಳಿ ಮುಗಿಸೋದರೊಳಗೆ ಅದರಲ್ಲಿ ಕಾಲುಭಾಗ ಹೋಗಿರುತ್ತೆ.

ಆ ವೇಗದಲ್ಲಿ 340 ಇಳಿಯೋಕೂ ಆಗ್ತಿರಲಿಲ್ಲ. ಅವಶೇಷಗಳಲ್ಲಿ ಚಕ್ರವೂ ಫ್ಲ್ಯಾಪೂ (ನಿಧಾನವಾಗಿ ಇಳಿಯೋಕೆ ರೆಕ್ಕೆಯಿಂದ ಚಾಚೋ ಹಲಗೆ) ಒಳಗೇ ಮಡಚಿಕೊಂಡಿದ್ದವು. ಈ ಜಾತಿಯ ವಿಮಾನ ಒಂದು ಮೈಲಿಯಲ್ಲಿ 100 ನಾಟ್ ಆಸುಪಾಸಿಗೆ ಇಳಿದಿರಬೇಕು, ಚಕ್ರ ಕೆಳಗಿರಬೇಕು. ಇದಕ್ಕೆ ತಯಾರಿ ಹತ್ತು ಮೈಲಿಯಲ್ಲೇ ಶುರುವಾಗಬೇಕು. 340ರಲ್ಲಿರೋದು ಟರ್ಬೋ ಹಾಕಿದ 310 ಅಶ್ವಶಕ್ತಿಯ ಎರಡು ಎಂಜಿನ್. ಪವರ್ ಒಮ್ಮೆಲೇ ಎಳೆದರೆ ಸಿಲಿಂಡರ್ ಬೇಗ ತಣ್ಣಗಾಗಿ ಬಿರುಕು ಬಿಡುತ್ತೆ ಅನ್ನೋ ಅಂಜಿಕೆಯಿಂದ ಪೈಲಟ್‌ಗಳು ಸ್ವಲ್ಪ ಸ್ವಲ್ಪವಾಗಿ ಇಳಿಸ್ತಾರೆ. ಅದಕ್ಕೇ ಹತ್ತು ಮೈಲಿಯಿಂದಲೇ ತಗ್ಗಿಸ್ತಾ ಬಂದು, ಐದು ಮೈಲಿಗೆ 140, ಮೂರು ಮೈಲಿಗೆ 120 ನಾಟ್ ಮತ್ತು ಚಕ್ರ ಕೆಳಗೆ ಅಂತ ಮನಸ್ಸಲ್ಲಿ ಗೆರೆ ಹಾಕಿಕೊಂಡಿರಬೇಕು. ಆ ಗೆರೆ ತಪ್ಪಿತು ಅಂದರೆ ನೇರ ಇಳಿಯೋ ಆಸೆ ಬಿಟ್ಟು ಪಕ್ಕಕ್ಕೆ ಹೋಗಬೇಕು.

ಹಕ್ಕಿನ ವಿಷಯ. ಅಮೆರಿಕದ ನಿಯಮ 91.113ರ ಪ್ರಕಾರ ಫೈನಲ್‌ನಲ್ಲಿರೋ ವಿಮಾನಕ್ಕೆ ಉಳಿದವರು ದಾರಿ ಬಿಡಬೇಕು. ಇಬ್ಬರೂ ಇಳಿಯೋಕೆ ಬರ್ತಿದ್ದರೆ ಕೆಳಗಿರೋನಿಗೆ ಹಕ್ಕು, ಆದರೆ ಆ ನೆಪದಲ್ಲಿ ಫೈನಲ್‌ನಲ್ಲಿರೋನ ಮುಂದೆ ನುಗ್ಗಬಾರದು. ಹಿಂದಿನಿಂದ ಬಂದು ದಾಟೋನು ಬಲಕ್ಕೆ ಸರಿದು, ಸಾಕಷ್ಟು ದೂರದಿಂದ ದಾಟಬೇಕು. ಫೈನಲ್ ಅನ್ನೋದು ಎಷ್ಟು ಮೈಲಿಯಿಂದ ಶುರು ಅಂತ ಆ ನಿಯಮದಲ್ಲಿ ಬರೆದಿಲ್ಲ. ಹತ್ತು ಮೈಲಿ ಆಚೆಯಿಂದ "ನಾನು ನೇರ ಬರ್ತಿದೀನಿ" ಅಂದ ಮಾತ್ರಕ್ಕೆ ರನ್‌ವೇ ಕಾದಿರಿಸಿದಂತೆ ಆಗೋದಿಲ್ಲ. ಟವರ್ ಇಲ್ಲದ ನಿಲ್ದಾಣಗಳ ಬಗ್ಗೆ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಕೊಟ್ಟಿರೋ ಸಲಹೆ ಸ್ಪಷ್ಟವಾಗಿದೆ: ನೇರವಾಗಿ ಇಳಿಯೋನು ಅಲ್ಲಿ ಆಗಲೇ ಸುತ್ತುತ್ತಿರೋರ ಓಟ ಕೆಡಿಸದೆ ಇಳಿಯಬೇಕು. ಸರ್ಕ್ಯೂಟ್‌ನಲ್ಲಿ ಜನ ಇದ್ದಾರೆ ಅಂತ ಹತ್ತು ಮೈಲಿಯಲ್ಲೇ ಗೊತ್ತಾದ ಮೇಲೆ, 340 ಪಕ್ಕಕ್ಕೆ ಸರಿದು 45 ಡಿಗ್ರಿ ಕೋನದಲ್ಲಿ ಡೌನ್‌ವಿಂಡ್ (ಸರ್ಕ್ಯೂಟ್‌ನಲ್ಲಿ ಬೇಸ್‌ಗೆ ಮುಂಚೆ ರನ್‌ವೇಗೆ ಸಮಾನಾಂತರವಾಗಿ ಹೋಗೋ ಭಾಗ) ಸೇರಬಹುದಿತ್ತು. ಹೆಚ್ಚಿಗೆ ಹಿಡಿಯುತ್ತಿದ್ದುದು ಕೆಲವೇ ನಿಮಿಷ. ನನ್ನ ಮಟ್ಟಿಗೆ ಇಡೀ ಅಪಘಾತದ ಬೇರು ಆ ತೀರ್ಮಾನದಲ್ಲೇ ಇದೆ. ಮುಂದಿನದ್ದೆಲ್ಲ ಅದರ ಫಲ.

---

ತನಿಖಾ_ಓದುಗ ಉತ್ತರ:

ಡೌನ್‌ವಿಂಡ್ ಅವರ ಲೆಕ್ಕ ಸರಿಯಾಗಿದೆ. "ಕೇಳಿದ ಮೇಲೂ ಯಾಕೆ ಕಾಣಲಿಲ್ಲ" ಎಂಬ ಭಾಗವನ್ನು ನಾನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಹೊಸಬರು ಅತಿ ಹೆಚ್ಚು ತಪ್ಪು ತಿಳಿಯುವುದು ಇಲ್ಲಿಯೇ.

ಡಿಕ್ಕಿಯ ದಾರಿಯಲ್ಲಿರುವ ವಿಮಾನ ಗಾಜಿನ ಮೇಲೆ ಚಲಿಸುವುದಿಲ್ಲ. ಇಬ್ಬರೂ ನೇರವಾಗಿ, ತಂತಮ್ಮ ವೇಗ ಬದಲಿಸದೆ ಹೋಗುತ್ತಾ ಒಂದೇ ಬಿಂದುವಿಗೆ ಒಂದೇ ಕ್ಷಣಕ್ಕೆ ಮುಟ್ಟುವವರಾದರೆ, ಒಬ್ಬರ ಕಣ್ಣಿಗೆ ಇನ್ನೊಬ್ಬರು ಇರುವ ಕೋನ ಬದಲಾಗುವುದೇ ಇಲ್ಲ. ಗಾಜಿನ ಮೂಲೆಯಲ್ಲಿ ಒಂದು ಚುಕ್ಕೆ, ಅಲ್ಲೇ ಅಂಟಿಕೊಂಡಂತೆ. ನಮ್ಮ ಕಣ್ಣಂಚು ಅಲುಗಾಡುವುದನ್ನು ಬೇಗ ಹಿಡಿಯುತ್ತದೆ, ಅಲುಗಾಡದ್ದನ್ನು ಬಿಟ್ಟುಬಿಡುತ್ತದೆ. ಆ ಚುಕ್ಕೆ ಬಾಗಿಲ ಕಂಬದ ಹಿಂದೆಯೋ ಚೌಕಟ್ಟಿನ ಹಿಂದೆಯೋ ಇದ್ದರೆ ಕೊನೆಯವರೆಗೂ ಅಲ್ಲೇ ಉಳಿಯುತ್ತದೆ. ಕಾರು ತಿರುಗಿಸುವಾಗ ಮುಂಗಂಬದ ಹಿಂದೆ ಬೈಕ್ ಅಡಗಿ ಒಮ್ಮೆಲೇ ಎದುರಾಗುವ ಹಾಗೆ. ತಲೆಯನ್ನು ಮುಂದಕ್ಕೂ ಪಕ್ಕಕ್ಕೂ ಬಾಗಿಸಿ ನೋಡುವುದು ಬಿಟ್ಟು ಇದಕ್ಕೆ ಬೇರೆ ಮದ್ದಿಲ್ಲ.

ಗಾತ್ರದ ಲೆಕ್ಕ ನೋಡಿ. 152ರ ರೆಕ್ಕೆಯಗಲ 10.2 ಮೀಟರ್. ಒಂದು ನಾಟಿಕಲ್ ಮೈಲಿಯಿಂದ ಅದು ಪೂರ್ತಿ ಅಗಲಕ್ಕೆ ಕಂಡರೂ 0.3 ಡಿಗ್ರಿ, ಹುಣ್ಣಿಮೆ ಚಂದ್ರನಿಗಿಂತ ಕಿರಿದು. ಎಫ್‌ಎಎ ಬಳಸುವ ಕೋಷ್ಟಕದ ಪ್ರಕಾರ, ವಸ್ತು ಕಣ್ಣಿಗೆ ಬಿದ್ದಾಗಿನಿಂದ ವಿಮಾನ ನಿಜಕ್ಕೂ ದಿಕ್ಕು ಬದಲಿಸುವವರೆಗೆ 12.5 ಸೆಕೆಂಡ್ ಬೇಕು. ಕಾಣಲು 0.1, ಅದು ವಿಮಾನವೆಂದು ಗುರುತಿಸಲು 1, ಡಿಕ್ಕಿಯಾಗುತ್ತದೆ ಎಂದು ಮನವರಿಕೆಯಾಗಲು 5, ಯಾವ ಕಡೆ ತಿರುಗಬೇಕೆಂದು ನಿರ್ಧರಿಸಲು 4, ಕೈಕಾಲು ಆಡಲು 0.4, ವಿಮಾನ ಸ್ಪಂದಿಸಲು 2. ಇಲ್ಲಿ ಇಬ್ಬರ ವೇಗದ ಅಂತರ 115 ನಾಟ್ ಎಂದುಕೊಂಡರೆ ಸೆಕೆಂಡಿಗೆ 59 ಮೀಟರ್. 12.5 ಸೆಕೆಂಡಿಗೆ 740 ಮೀಟರ್. ಆ ದೂರದಲ್ಲಿ 152 ಕಾಣುವುದು 0.8 ಡಿಗ್ರಿ, ಚಾಚಿದ ಕೈಯ ಕಿರುಬೆರಳಿಗಿಂತ ತುಸು ತೆಳ್ಳಗೆ. ಅಷ್ಟು ಸಣ್ಣದಿದ್ದಾಗಲೇ ಗುರುತಿಸಿಲ್ಲವಾದರೆ ತಪ್ಪಿಸಿಕೊಳ್ಳುವ ಸಮಯ ಮುಗಿದಿದೆ. ಎದುರುಬದುರಾಗಿ ಬಂದರೆ ಇದೇ ಲೆಕ್ಕ ಒಂದೂವರೆ ಕಿಲೋಮೀಟರ್ ದಾಟುತ್ತದೆ.

ಅದಕ್ಕೆ ಹಿನ್ನೆಲೆಯನ್ನೂ ಸೇರಿಸಿ. ಮೇಲಿನಿಂದ ಇಳಿಯುವವನಿಗೆ ಕೆಳಗಿನ ವಿಮಾನ ಆಕಾಶದ ಎದುರು ಕಾಣುವುದಿಲ್ಲ, ಹೊಲ, ಮನೆ, ರಸ್ತೆಗಳ ಮೇಲೆ ಕಾಣಬೇಕು. ಬಿಳಿ ಬಣ್ಣದ 152 ಅಲ್ಲಿ ಒಂದು ಶೆಡ್ಡಿನ ಚಾವಣಿಯಂತೆ ಕರಗಿಹೋಗುತ್ತದೆ.

ಇನ್ನು ರೆಕ್ಕೆ. ಸೆಸ್ನಾ 152 ಮೇಲ್ರೆಕ್ಕೆಯ ವಿಮಾನ, ಮೇಲೆ ಮತ್ತು ಹಿಂದೆ ಏನಿದೆಯೋ ಕಾಣದು. ಎಡಕ್ಕೆ ವಾಲಿಸಿದಾಗ ಎಡರೆಕ್ಕೆ ಕೆಳಗಿಳಿದು, ತಿರುಗಬೇಕಾದ ಕಡೆಯನ್ನೇ ಮುಚ್ಚುತ್ತದೆ. 340 ಕೆಳರೆಕ್ಕೆಯದು, ಕೆಳಗಿರುವುದು ಅದಕ್ಕೆ ಕಾಣದು. ಕೆಳರೆಕ್ಕೆಯದು ಮೇಲಿನಿಂದ ಇಳಿಯುತ್ತಾ, ಮೇಲ್ರೆಕ್ಕೆಯದು ಅದರ ಕೆಳಗೆ ಇರುತ್ತಾ ಒಂದೇ ಫೈನಲ್‌ಗೆ ಬಂದರೆ ಇಬ್ಬರೂ ಒಬ್ಬರಿಗೊಬ್ಬರು ಕುರುಡರು. ಸಣ್ಣ ನಿಲ್ದಾಣಗಳ ಡಿಕ್ಕಿಗಳಲ್ಲಿ ಈ ಜೋಡಿ ಮತ್ತೆ ಮತ್ತೆ ಬರುತ್ತದೆ.

ಹಾಗೆಂದು ರೇಡಿಯೋ ವ್ಯರ್ಥವಲ್ಲ. ಎಲ್ಲಿ ನೋಡಬೇಕೆಂದು ತಿಳಿದು ಹುಡುಕುವ ಕಣ್ಣು, ಸುಮ್ಮನೆ ಹುಡುಕುವ ಕಣ್ಣಿಗಿಂತ ಎಂಟು ಪಟ್ಟು ಪರಿಣಾಮಕಾರಿ ಎಂದು ಆಸ್ಟ್ರೇಲಿಯಾದ ತನಿಖಾ ಸಂಸ್ಥೆಯ ಹಳೆಯ ಅಧ್ಯಯನ ಹೇಳುತ್ತದೆ. ಆದರೆ ವಾಟ್ಸನ್‌ವಿಲ್‌ನಲ್ಲಿ 340ರ ಪೈಲಟ್ "ಹುಡುಕುತ್ತಿದ್ದೇನೆ" ಎಂದದ್ದು ಒಂದು ಮೈಲಿಯಲ್ಲಿ. ಹುಡುಕಿ, ಗುರುತಿಸಿ, ತಿರುಗಲು ಬೇಕಾದ ಸಮಯಕ್ಕೂ ಉಳಿದಿದ್ದ ಸಮಯಕ್ಕೂ ಹೆಚ್ಚೇನೂ ಅಂತರವಿರಲಿಲ್ಲ. ಕಾಣದ ವಿಮಾನದ ಕಡೆಗೆ ಹಾರುತ್ತಲೇ ಅದನ್ನು ಹುಡುಕುವುದು ಸರಿಯಲ್ಲ. ಮೂರು ಮೈಲಿಯೊಳಗೆ ಬಂದರೂ ಕಂಡಿಲ್ಲವೆಂದರೆ ಮೊದಲು ದಾರಿ ಬದಲಿಸಬೇಕು, ಆಮೇಲೆ ಹುಡುಕಬೇಕು.

---

ಹಕ್ಕಿನೋಟ:

ಇಬ್ಬರಿಗೂ ಧನ್ಯವಾದ. 12.5 ಸೆಕೆಂಡಿನ ಲೆಕ್ಕ ಗೊತ್ತಿರಲಿಲ್ಲ. ಹಾಗಾದರೆ ಕಣ್ಣನ್ನ ನಂಬೋದು ಬಿಟ್ಟು ಯಂತ್ರ ಇಡಬಹುದಲ್ವಾ? ಚರ್ಖಿ ದಾದ್ರಿ ದುರಂತದ ಮೇಲೆ ನಮ್ಮಲ್ಲಿ ಟಿಕಾಸ್ (ವಿಮಾನಗಳ ಡಿಕ್ಕಿ ತಪ್ಪಿಸೋ ಯಂತ್ರ) ಕಡ್ಡಾಯ ಆಯ್ತು ಅಂತ ಓದಿದ್ದೆ. ಸಣ್ಣ ವಿಮಾನಕ್ಕೆ ಯಾಕೆ ಹಾಕಲ್ಲ?

---

ರಾಡಾರ್_ಕೋಣೆ ಉತ್ತರ:

1996ರ ನವೆಂಬರ್ 12ರ ಚರ್ಖಿ ದಾದ್ರಿ ಬೇರೆಯೇ ಬಗೆಯ ಡಿಕ್ಕಿ. ಸೌದಿಯ 747, ಕಜಕ್‌ನ ಇಲ್ಯೂಶಿನ್-76, ಹದಿನಾಲ್ಕು ಸಾವಿರ ಅಡಿಯ ಸುಮಾರಿನಲ್ಲಿ ಎದುರುಬದುರು, 349 ಸಾವು. ಅಂಥ ಕಡೆಗೆಂದೇ ಟಿಕಾಸ್ ಮಾಡಿದ್ದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ಮಾನದಂಡದ ಪ್ರಕಾರ 5,700 ಕೆಜಿಗಿಂತ ಭಾರ ಅಥವಾ 19ಕ್ಕಿಂತ ಹೆಚ್ಚು ಪ್ರಯಾಣಿಕರ ಟರ್ಬೈನ್ ವಿಮಾನಗಳಿಗೆ ಅದು ಬೇಕು. ಸೆಸ್ನಾ 152ರ ಪೂರ್ತಿ ತೂಕವೇ 757 ಕೆಜಿ, 340ಎ 2,700 ಚಿಲ್ಲರೆ.

ತೂಕ, ದುಡ್ಡು ಒಂದು ಕಡೆ ಇರಲಿ. ಟಿಕಾಸ್ ಕೊಡೋ ಆಜ್ಞೆ "ಏರು" ಅಥವಾ "ಇಳಿ" ಅಂತ, ಅದೂ ಸಾಮಾನ್ಯವಾಗಿ ನಿಮಿಷಕ್ಕೆ 1,500 ಅಡಿ ದರದಲ್ಲಿ. 152 ಸಮುದ್ರಮಟ್ಟದಲ್ಲಿ ಜೀವ ಬಿಟ್ಟು ಏರಿದರೂ 715 ಅಡಿ. ಇನ್ನೂ ಮುಖ್ಯವಾದದ್ದು: ನೆಲದಿಂದ ಸುಮಾರು ಸಾವಿರ ಅಡಿಗಿಂತ ಕೆಳಗೆ ಟಿಕಾಸ್‌ನ ಆಜ್ಞೆಗಳನ್ನ ಬೇಕಂತಲೇ ಬಂದ್ ಮಾಡಿರ್ತಾರೆ, ಇಳಿಯೋ ಹೊತ್ತಲ್ಲಿ ನೆಲಕ್ಕೆ ಗುದ್ದಿಸಬಾರದು ಅಂತ. ಸರ್ಕ್ಯೂಟ್‌ನ ಎತ್ತರವೇ ಸಾವಿರ ಅಡಿ. ಬೇಸ್, ಫೈನಲ್ ಎರಡೂ ಅದರ ಕೆಳಗೆ. ಅಂದರೆ ವಾಟ್ಸನ್‌ವಿಲ್‌ನಂಥ ಜಾಗದಲ್ಲಿ ಟಿಕಾಸ್ ಇದ್ದಿದ್ದರೂ ಆ ಕ್ಷಣದಲ್ಲಿ ಏರು, ಇಳಿ ಅಂತ ಆಜ್ಞೆ ಕೊಡ್ತಿರಲಿಲ್ಲ.

ಸಣ್ಣ ವಿಮಾನಕ್ಕೆ ನಿಜವಾಗಿ ಉಪಯೋಗಕ್ಕೆ ಬರೋದು ಎಡಿಎಸ್-ಬಿ. ಇದರಲ್ಲಿ ಎರಡು ಭಾಗ. "ಔಟ್" ಅಂದರೆ ನನ್ನ ಜಾಗ, ಎತ್ತರ, ವೇಗ ಬಿತ್ತರಿಸೋದು. "ಇನ್" ಅಂದರೆ ಬೇರೆಯವರ ಬಿತ್ತರವನ್ನ ನನ್ನ ಪರದೆಯಲ್ಲಿ ನೋಡೋದು. ಅಮೆರಿಕದಲ್ಲಿ 2020ರ ಜನವರಿ 1ರಿಂದ ದೊಡ್ಡ ನಿಲ್ದಾಣಗಳ ಸುತ್ತಮುತ್ತ ಮತ್ತು ಮೇಲಿನ ಆಕಾಶದಲ್ಲಿ ಔಟ್ ಕಡ್ಡಾಯ. ಇನ್ ಎಲ್ಲೂ ಕಡ್ಡಾಯ ಅಲ್ಲ. ಜನ ಔಟ್ ಹಾಕಿಸಿ, ನಾನು ಸುರಕ್ಷಿತ ಅಂದುಕೊಳ್ತಾರೆ. ಔಟ್ ನಿಮ್ಮನ್ನ ಬೇರೆಯವರಿಗೆ ತೋರಿಸುತ್ತೆ ಅಷ್ಟೆ, ನಿಮಗೆ ಏನನ್ನೂ ತೋರಿಸಲ್ಲ.

ಇದಕ್ಕೆ ನೇರ ಉದಾಹರಣೆ ಮ್ಯಾಂಗಲೋರ್. ನಮ್ಮ ಮಂಗಳೂರಲ್ಲ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ್ದು. 2020ರ ಫೆಬ್ರವರಿ 19ರಂದು ಅಲ್ಲಿ ಒಂದು ಪೈಪರ್ ಸೆಮಿನೋಲ್ ಹಾರಿ ಏರುತ್ತಿತ್ತು, ಒಂದು ಬೀಚ್‌ಕ್ರಾಫ್ಟ್ ಟ್ರಾವೆಲ್ ಏರ್ ಒಳಬರುತ್ತಿತ್ತು. ನಿಲ್ದಾಣದಿಂದ ಸುಮಾರು 8 ಕಿಮೀ ದಕ್ಷಿಣಕ್ಕೆ 4,100 ಅಡಿಯಲ್ಲಿ ಡಿಕ್ಕಿ, ನಾಲ್ವರೂ ಸತ್ತರು. ಎರಡೂ ತರಬೇತಿ ಹಾರಾಟ, ಎರಡೂ ಇನ್‌ಸ್ಟ್ರುಮೆಂಟ್ ನಿಯಮದಲ್ಲಿ (ಉಪಕರಣ ನೋಡಿ ಹಾರೋ ನಿಯಮ). ಕಂಟ್ರೋಲರ್ ಇಬ್ಬರಿಗೂ ಇನ್ನೊಬ್ಬರ ಬಗ್ಗೆ ಮಾಹಿತಿ ಕೊಟ್ಟಿದ್ದರು. ಆದರೆ ಆ ಆಕಾಶದಲ್ಲಿ ಅಂತರ ಕಾಪಾಡೋ ಹೊಣೆ ಪೈಲಟ್‌ಗಳದ್ದೇ. ಎರಡರಲ್ಲೂ ಎಡಿಎಸ್-ಬಿ ಔಟ್ ಇತ್ತು, ಒಂದರಲ್ಲೂ ಇನ್ ಇರಲಿಲ್ಲ. ಕಾಕ್‌ಪಿಟ್‌ನಿಂದ ಏನು ಕಾಣ್ತಿತ್ತು ಅಂತ ಆಸ್ಟ್ರೇಲಿಯಾದ ತನಿಖಾ ಸಂಸ್ಥೆ ಎಟಿಎಸ್‌ಬಿ ಲೆಕ್ಕ ಹಾಕಿ ನೋಡಿತು. ಕಣ್ಣಿಂದ ಸಮಯಕ್ಕೆ ಹಿಡಿಯೋ ಸಾಧ್ಯತೆ ಕಡಿಮೆ, ಇನ್ ಇದ್ದಿದ್ದರೆ ಬಹಳ ಮೊದಲೇ ಎಚ್ಚರಿಕೆ ಸಿಗ್ತಿತ್ತು ಅಂತ ಕಂಡುಕೊಂಡಿತು. ಆಮೇಲೆ ಅಲ್ಲಿಯ ಸರ್ಕಾರ ಸಣ್ಣ ವಿಮಾನದವರು ಎಡಿಎಸ್-ಬಿ ಕೊಳ್ಳೋದಕ್ಕೆ ಅರ್ಧ ಖರ್ಚು, 5,000 ಡಾಲರ್ ಮಿತಿಯವರೆಗೆ, ವಾಪಸ್ ಕೊಡೋ ಯೋಜನೆ ತಂದಿತು. ಗಾಜಿಗೆ ಅಂಟಿಸಿ ಟ್ಯಾಬ್ಲೆಟ್‌ಗೆ ಜೋಡಿಸೋ ಸಣ್ಣ ಪೆಟ್ಟಿಗೆಗಳೂ ಅದರಲ್ಲಿ ಸೇರಿದ್ದವು.

ಇದರ ಮಿತಿಗಳೂ ಗೊತ್ತಿರಲಿ. ಟ್ಯಾಬ್ಲೆಟ್ ಪರದೆಯಲ್ಲಿ ಕಾಣೋ ಗುರುತು ಒಂದೆರಡು ಸೆಕೆಂಡ್ ಹಳೆಯದಿರಬಹುದು, ಫೈನಲ್‌ನಲ್ಲಿ ಒಂದೆರಡು ಸೆಕೆಂಡ್ ಅಂದರೆ ನೂರು ಮೀಟರ್ ದಾಟುತ್ತೆ. ಪೆಟ್ಟಿಗೆಯನ್ನ ಡ್ಯಾಶ್‌ಬೋರ್ಡ್ ಮೇಲೆ ಬಿಸಾಕಿದರೆ ಎಂಜಿನ್, ರೆಕ್ಕೆ, ಪಕ್ಕದಲ್ಲಿ ಕೂತವರ ದೇಹ ಎಲ್ಲವೂ ಸಂಕೇತಕ್ಕೆ ಅಡ್ಡ. ಟ್ರಾನ್ಸ್‌ಪಾಂಡರೇ (ರಾಡಾರ್‌ಗೆ ಉತ್ತರಿಸೋ ರೇಡಿಯೋ ಪೆಟ್ಟಿಗೆ) ಇಲ್ಲದ ಹಳೇ ವಿಮಾನ ಪರದೆಗೆ ಬರೋದೇ ಇಲ್ಲ. ಸರ್ಕ್ಯೂಟ್‌ನಲ್ಲಿ ನಾಲ್ಕು ವಿಮಾನ ಇದ್ದರೆ "ಟ್ರಾಫಿಕ್, ಟ್ರಾಫಿಕ್" ಅಂತ ಅರಚ್ತಾನೇ ಇರುತ್ತೆ, ಪೈಲಟ್ ಬೇಸತ್ತು ಸದ್ದು ಬಂದ್ ಮಾಡ್ತಾನೆ. ಹಾಗಾಗಿ ಪರದೆಯ ಕೆಲಸ ಹತ್ತು ಮೈಲಿಯಿಂದ ಮೂರು ಮೈಲಿವರೆಗೆ: ಎಷ್ಟು ಜನ ಇದ್ದಾರೆ, ಯಾರು ಎಷ್ಟು ವೇಗದಲ್ಲಿದ್ದಾರೆ ಅಂತ ಚಿತ್ರ ಕಟ್ಟಿಕೊಳ್ಳೋದು. ಡೌನ್‌ವಿಂಡ್ ಸೇರಿದ ಮೇಲೆ ಕಣ್ಣು ಹೊರಗೇ ಇರಬೇಕು. ವಾಟ್ಸನ್‌ವಿಲ್‌ನಲ್ಲಿ 152ರ ಪೈಲಟ್‌ಗೆ "180" ಅನ್ನೋ ಅಂಕಿ ಮೂರು ಮೈಲಿ ಆಚೆಯೇ ಸಿಕ್ಕಿದ್ದರೆ ಬೇಸ್‌ಗೆ ತಿರುಗೋ ತೀರ್ಮಾನ ಬೇರೆ ಆಗ್ತಿತ್ತು ಅಂತ ನನಗೆ ಅನ್ನಿಸುತ್ತೆ.

---

ಜಕ್ಕೂರು_ಸರ್ಕ್ಯೂಟ್ ಉತ್ತರ:

ವಿದ್ಯಾರ್ಥಿಗಳು ಏನು ಮಾಡಬೇಕು ಅಂತ ಕೇಳಿದ್ರಲ್ಲ, ಅದಕ್ಕೆ ಬರ್ತೀನಿ. ಜಕ್ಕೂರಿನ ಪಕ್ಕದಲ್ಲೇ ಯಲಹಂಕ ವಾಯುನೆಲೆ, ಆಚೆಗೆ ಕೆಂಪೇಗೌಡ ನಿಲ್ದಾಣ, ಹಾಗಾಗಿ ಇಲ್ಲಿ ಕಲಿತವರಿಗೆ ಅನುಮತಿ ಕೇಳಿ ಹಾರೋದು ರೂಢಿ. ಟವರ್ ಇಲ್ಲದ ಕಡೆ ಹೋದಾಗ ಆ ರೂಢಿಯೇ ತೊಡಕು. ರೇಡಿಯೋದಲ್ಲಿ ಹೇಳಿದೆ, ಯಾರೂ ಬೇಡ ಅನ್ನಲಿಲ್ಲ, ಅಂದರೆ ದಾರಿ ಖಾಲಿ ಅಂತ ಮನಸ್ಸು ಒಪ್ಪಿಬಿಡುತ್ತೆ.

ನಿಜವಾದ ನಿರ್ಧಾರದ ಜಾಗ ಡೌನ್‌ವಿಂಡ್‌ನ ಕೊನೆ. ಯಾರೋ ನೇರ ಫೈನಲ್‌ಗೆ ಬರ್ತಿದ್ದಾರೆ ಅಂತ ಕೇಳಿದರೆ, ಅವರನ್ನ ಕಣ್ಣಾರೆ ಕಾಣೋವರೆಗೆ ಬೇಸ್‌ಗೆ ತಿರುಗಬೇಡಿ. ಡೌನ್‌ವಿಂಡನ್ನೇ ಉದ್ದ ಮಾಡಿ, ಅವರು ನಿಮ್ಮ ರೆಕ್ಕೆತುದಿ ದಾಟಿದ ಮೇಲೆ ಹಿಂದಿನಿಂದ ಸೇರಿಕೊಳ್ಳಿ. ಸಂಶಯ ಇದ್ದರೆ ರೇಡಿಯೋದಲ್ಲೇ ಕೇಳಿ, ನಿಮ್ಮ ವೇಗ ಎಷ್ಟು ಅಂತ. ಹಾಗೆ ಕೇಳೋದರಲ್ಲಿ ಸಂಕೋಚ ಬೇಡ. ಬೇಸ್‌ಗೆ ತಿರುಗಿಬಿಟ್ಟ ಮೇಲೆ ಒಳ್ಳೆಯ ದಾರಿಗಳು ಉಳಿಯಲ್ಲ: ಮುಂದೆ ಹೋದರೆ ಫೈನಲ್ ಗೆರೆಯನ್ನ ಅಡ್ಡ ದಾಟ್ತೀರಿ, ತಿರುಗಿದರೆ ಅವನ ಮೂಗಿನ ಕೆಳಗೆ ಬರ್ತೀರಿ. ಆಗ ಫೈನಲ್ ಗೆರೆ ಮುಟ್ಟೋ ಮೊದಲೇ, ಸರ್ಕ್ಯೂಟ್ ಇರೋ ಕಡೆಯಲ್ಲೇ ಉಳಿದು, ರನ್‌ವೇಗೆ ಸಮಾನಾಂತರವಾಗಿ ತಿರುಗಿ ಹೋಗೋದು ಇರೋದರಲ್ಲಿ ವಾಸಿ.

ಗೋ ಅರೌಂಡ್ ಬಗ್ಗೆ ಒಂದು ಮಾತು, ಯಾಕಂದರೆ ಇದನ್ನ ಅರ್ಧಂಬರ್ಧ ಕಲಿಸ್ತಾರೆ. ಫೈನಲ್‌ನಲ್ಲಿ ಹಿಂದಿನಿಂದ ಒಬ್ಬ ಮೇಲೆ ಬೀಳ್ತಿದ್ದಾಗ ನೇರ ಮೇಲಕ್ಕೆ ಏರಬಾರದು. ಅವನು ನಿಮ್ಮ ಮೇಲೇ ಇರಬಹುದು, ನಿಮಗೆ ಕಾಣದು. ಮೊದಲು ಪಕ್ಕಕ್ಕೆ ಸರಿದು ಆಮೇಲೆ ಏರಬೇಕು. ಯಾವ ಪಕ್ಕಕ್ಕೆ? ಎಡ ಸರ್ಕ್ಯೂಟ್ ಆದರೆ ಬಲಕ್ಕೆ ಅಂತ ಪಾಠ, ಅಲ್ಲಿ ಬೇರೆ ವಿಮಾನ ಇರಲ್ಲ, ರನ್‌ವೇಯೂ ಎಡಕಿಟಕಿಯಲ್ಲಿ ಕಾಣುತ್ತೆ. ಆದರೆ ಡೌನ್‌ವಿಂಡ್ ಅವರು ಹೇಳಿದ ನಿಯಮ ನೆನಪಿಸಿಕೊಳ್ಳಿ: ದಾಟೋನೂ ಬಲಕ್ಕೇ ಸರೀಬೇಕು. ಇಬ್ಬರೂ ಪುಸ್ತಕದ ಪ್ರಕಾರ ನಡೆದರೆ ಇಬ್ಬರೂ ಒಂದೇ ಕಡೆ! ಅದಕ್ಕೇ "ಗೋ ಅರೌಂಡ್" ಅಂದರೆ ಸಾಲದು. "ಗೋ ಅರೌಂಡ್, ಎಡಕ್ಕೆ ಸರೀತಿದೀನಿ, ಮುನ್ನೂರು ಅಡಿಯಲ್ಲೇ ಇರ್ತೀನಿ" ಅನ್ನೋ ಹಾಗೆ ದಿಕ್ಕು, ಎತ್ತರ ಎರಡೂ ಬರಬೇಕು. ದಾಟೋನೂ ತನ್ನದನ್ನ ಹೇಳಬೇಕು.

ಫೈನಲ್‌ಗೆ ತಿರುಗುವಾಗ ಗೆರೆ ದಾಟಿಹೋಗೋದು ಇನ್ನೊಂದು ಅಪಾಯ. 2021ರ ಮೇ 12ರಂದು ಡೆನ್ವರ್ ಬಳಿಯ ಸೆಂಟೆನಿಯಲ್‌ನಲ್ಲಿ ಟವರ್ ಇದ್ದೂ ಹಾಗಾಯ್ತು. ಜೋಡಿ ರನ್‌ವೇ, ಬಲಗಡೆಯದಕ್ಕೆ ಸಿರಸ್ ಎಸ್‌ಆರ್22, ಎಡಗಡೆಯದಕ್ಕೆ ಮೆಟ್ರೋಲೈನರ್. ಸಿರಸ್ ಬೇಸ್‌ನಿಂದ ತಿರುಗುವಾಗ ತನ್ನ ಗೆರೆ ದಾಟಿ ಪಕ್ಕದ ಗೆರೆಗೆ ಹೋಗಿ ಮೆಟ್ರೋಲೈನರ್‌ನ ಬೆನ್ನು ಸೀಳಿತು. ಸಿರಸ್‌ಗೆ ಪ್ಯಾರಾಶೂಟ್ ಇತ್ತು, ಮೆಟ್ರೋಲೈನರ್ ಹರಿದ ಮೈಯಲ್ಲೇ ಇಳಿಯಿತು, ಯಾರಿಗೂ ಗಾಯವಾಗಲಿಲ್ಲ. ಇಲ್ಲೂ ಬೇರು ವೇಗವೇ. 30 ಡಿಗ್ರಿ ವಾಲಿಸಿದರೆ 80 ನಾಟ್‌ನಲ್ಲಿ ತಿರುವಿನ ತ್ರಿಜ್ಯ 300 ಮೀಟರ್, 120 ನಾಟ್‌ನಲ್ಲಿ 670 ಮೀಟರ್. ವೇಗ ಒಂದೂವರೆ ಪಟ್ಟು ಆದರೆ ತಿರುವು ಎರಡೂಕಾಲು ಪಟ್ಟು ಅಗಲ. ಬೇಸ್‌ನಲ್ಲಿ ಹಿಂಗಾಳಿ ಇದ್ದರೆ ಇನ್ನೂ ಹೆಚ್ಚು. ತಿರುವು ತಪ್ಪಿತು ಅನ್ನಿಸಿದ ಕೂಡಲೇ ಬಿಗಿಯಾಗಿ ಎಳೆಯೋದಲ್ಲ, ಎಳೆದರೆ ಸ್ಟಾಲ್, ಅಂದರೆ ರೆಕ್ಕೆ ಎತ್ತಿ ಹಿಡಿಯೋ ಬಲ ಕಳೆದುಕೊಳ್ಳುತ್ತೆ. ಎತ್ತರ ಇರೋವಾಗಲೇ ಬಿಟ್ಟು ಮತ್ತೆ ಸುತ್ತಿ ಬನ್ನಿ.

---

ಹಕ್ಕಿನೋಟ:

ಎಡ ಬಲದ ಗೊಂದಲ ಎಲ್ಲೂ ಓದಿರಲಿಲ್ಲ. ಕೊನೇದಾಗಿ ಒಂದು. ಸಣ್ಣ ನಿಲ್ದಾಣದ ಹತ್ತಿರ ಬಂದಾಗ ರೇಡಿಯೋ ನಿಶ್ಶಬ್ದವಾಗಿದ್ದರೆ ಯಾರೂ ಇಲ್ಲ ಅಂದುಕೊಂಡು ನೇರ ಇಳೀಬಹುದಾ?

---

ಜಕ್ಕೂರು_ಸರ್ಕ್ಯೂಟ್ ಉತ್ತರ:

ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಟವರ್ ಇಲ್ಲದ ಬಹುತೇಕ ನಿಲ್ದಾಣಗಳಲ್ಲಿ ರೇಡಿಯೋ ಕಡ್ಡಾಯವೇ ಅಲ್ಲ. ಹಳೇ ಪೈಪರ್ ಕಬ್‌ನಂಥ ವಿಮಾನದಲ್ಲಿ ವಿದ್ಯುತ್ ವ್ಯವಸ್ಥೆಯೇ ಇರಲ್ಲ, ರೇಡಿಯೋನೂ ಇಲ್ಲ, ಟ್ರಾನ್ಸ್‌ಪಾಂಡರೂ ಇಲ್ಲ. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಕೇಳೋರಿಗೆ ಕೀರಲು ಸದ್ದು ಮಾತ್ರ, ಒತ್ತಿದವರಿಗೆ ಅದೂ ಇಲ್ಲ. 122.8ರಂಥ ಫ್ರೀಕ್ವೆನ್ಸಿಯನ್ನ ಸುತ್ತಮುತ್ತಲ ಎಷ್ಟೋ ನಿಲ್ದಾಣಗಳು ಹಂಚಿಕೊಂಡಿರ್ತವೆ, ಅದಕ್ಕೇ ಪ್ರತಿ ಮಾತಿನ ಮೊದಲಿಗೂ ಕೊನೆಗೂ ನಿಲ್ದಾಣದ ಹೆಸರು ಹೇಳೋದು. ತಪ್ಪು ಅಂಕಿ ತಿರುಗಿಸಿಕೊಂಡಿದ್ದರೂ ನಿಶ್ಶಬ್ದವೇ.

ಹತ್ತು ಮೈಲಿಯಲ್ಲಿ ಮೊದಲ ಮಾತು: ನಿಲ್ದಾಣ, ವಿಮಾನದ ಜಾತಿ ಮತ್ತು ನಂಬರ್, ದಿಕ್ಕು, ದೂರ, ಎತ್ತರ, ಉದ್ದೇಶ. ನೀವು ಜೋರಿನ ವಿಮಾನದಲ್ಲಿದ್ದರೆ ದೂರದ ಬದಲು ಸಮಯ ಹೇಳಿ, "ಮೂರು ನಿಮಿಷದಲ್ಲಿ ಬರ್ತೀನಿ" ಅಂತ, ಕೇಳೋರಿಗೆ ಲೆಕ್ಕ ಹಾಕೋ ಕೆಲಸ ತಪ್ಪುತ್ತೆ. "ಯಾರಾದರೂ ಇದ್ದರೆ ಹೇಳಿ" ಅಂತ ಕೇಳಬೇಡಿ, ಎಲ್ಲರೂ ಒಟ್ಟಿಗೆ ಮಾತಾಡಿ ಫ್ರೀಕ್ವೆನ್ಸಿ ಕಟ್ಟಿಹೋಗುತ್ತೆ, ಎಫ್‌ಎಎ ಕೂಡ ಅದನ್ನ ಬೇಡ ಅಂದಿದೆ. ಸರ್ಕ್ಯೂಟ್‌ನ ಎದುರು ಕಡೆಯಿಂದ ಬಂದಿದ್ದರೆ ಸರ್ಕ್ಯೂಟ್ ಎತ್ತರಕ್ಕಿಂತ 500 ಅಡಿ ಮೇಲಿಂದ ರನ್‌ವೇಯ ನಡುಭಾಗ ದಾಟಿ, ಗಾಳಿಚೀಲ ನೋಡಿಕೊಂಡು, ಸರ್ಕ್ಯೂಟ್‌ನಿಂದ ಪೂರ್ತಿ ಹೊರಗೆ ಹೋದ ಮೇಲೆ ಇಳಿಯಿರಿ. ಆಮೇಲೆ, ಎಡ ಸರ್ಕ್ಯೂಟ್ ಆದರೆ, ಬಲಕ್ಕೆ ಸುತ್ತಿ 45 ಡಿಗ್ರಿಯಲ್ಲಿ ಡೌನ್‌ವಿಂಡ್‌ನ ಮಧ್ಯಕ್ಕೆ ಸೇರಿ. ಇಳೀತಾ ಇಳೀತಾ ಡೌನ್‌ವಿಂಡ್‌ಗೆ ಸೇರಬೇಡಿ, ಕೆಳಗೆ ಮೇಲ್ರೆಕ್ಕೆಯ ವಿಮಾನ ಇದ್ದರೆ ಅದರ ಪೈಲಟ್‌ಗೆ ನೀವು ಕಾಣಲ್ಲ. ಸೇರೋ ಮೊದಲೇ ಸರ್ಕ್ಯೂಟ್‌ನ ಎತ್ತರ, 90 ನಾಟ್ ಆಸುಪಾಸಿನ ವೇಗ, ಹಗಲಾಗಿದ್ದರೂ ಲ್ಯಾಂಡಿಂಗ್ ಲೈಟ್ ಹಚ್ಚಿರಲಿ.